ಕಂಕುಳ ಬೆವರಿಗೆ ಸೀದಾ ಬೋಟಾಕ್ಸ್ ಬೇಡ, ಮೊದಲು ಆ ಚಿಕ್ಕ ಬಾಟಲಿ ಸರಿಯಾಗಿ ಹಚ್ಚಿ ನೋಡಿ

ನಿಮ್ಮ ಪ್ರಶ್ನೆ ಓದಿ ನನಗೆ ನನ್ನ ಹಳೇ ದಿನಗಳೇ ನೆನಪಾದವು. ನಿಮ್ಮ ವಯಸ್ಸು 24, ಹೊಸ ಕೆಲಸ, ಎಸಿ ಹಾಕಿದ ಆಫೀಸಿನಲ್ಲೂ ಕಂಕುಳು ಒದ್ದೆ, ನಾಲ್ಕು ಡಿಯೋಡರೆಂಟ್ ಬದಲಿಸಿದರೂ ನಿಲ್ಲುತ್ತಿಲ್ಲ, ಮುಂದಿನ ತಿಂಗಳು ಎಲ್ಲರ ಮುಂದೆ ನಿಂತು ಪ್ರೆಸೆಂಟೇಶನ್ ಕೊಡಬೇಕು, ಸೀದಾ ಹೋಗಿ ಬೋಟಾಕ್ಸ್, ಅಂದರೆ ಬೆವರು ತಡೆಯುವ ಇಂಜೆಕ್ಷನ್, ಮಾಡಿಸಿಬಿಡಲಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಮಂಗಳೂರಿನ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಟೀಚರ್. ಆದರೆ ಈ ಬೆವರಿನ ಜೊತೆ 20 ವರ್ಷ ಸಂಸಾರ ಮಾಡಿದ್ದೇನೆ, ಬೋಟಾಕ್ಸೂ ಮಾಡಿಸಿಕೊಂಡಿದ್ದೇನೆ. ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಅದಕ್ಕಿಂತ ಮೊದಲು ಮಾಡಿ ನೋಡಬೇಕಾದ ಒಂದು ಅಗ್ಗದ ಕೆಲಸ ಇದೆ, ಅಲ್ಯೂಮಿನಿಯಂ ಉಪ್ಪಿನ ಲೋಷನ್ ಹಚ್ಚೋದು. ಅದನ್ನು ನಾನೂ ಸೇರಿದಂತೆ ಎಷ್ಟೋ ಜನ ತಪ್ಪಾಗಿ ಮಾಡಿ, ಉರಿ ಬರಿಸಿಕೊಂಡು, ಇದು ಪ್ರಯೋಜನ ಇಲ್ಲ ಅಂತ ಮೂಲೆಗೆ ಎಸೆದಿರುತ್ತಾರೆ.

ಟೀಚರ್ ಕೆಲಸದಲ್ಲಿ ಕೈ ಎತ್ತದೆ ಇರೋಕೆ ಆಗಲ್ಲ, ಅಲ್ವಾ. ಬೋರ್ಡಿನ ಮೇಲುಗಡೆ ಒಂದು ಸಮೀಕರಣ ಬರೆದರೆ ಸಾಕು, ಹಿಂದೆ ಕೂತ 45 ಮಕ್ಕಳಿಗೂ ನನ್ನ ಬ್ಲೌಸಿನ ಕಂಕುಳು ಕಾಣುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಎಂಟನೇ ಕ್ಲಾಸಿನ ಒಂದು ಹುಡುಗಿ ಹತ್ತಿರ ಬಂದು, ತುಂಬಾ ಕಾಳಜಿಯಿಂದಲೇ, "ಟೀಚರ್, ನೀರು ಚೆಲ್ಲಿತಾ?" ಅಂತ ಕೇಳಿದಳು. ಹೌದು ಅಂದೆ. ಅವತ್ತಿನಿಂದ ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆಯೋಕೆ ಶುರು ಮಾಡಿದೆ. ಕಪ್ಪು ಬ್ಲೌಸ್ ಹಾಕಿದರೆ ಒದ್ದೆ ಕಾಣಲ್ಲ ಅಂದುಕೊಂಡರೆ, ಮಧ್ಯಾಹ್ನ ಒಣಗಿದ ಮೇಲೆ ಬಿಳಿ ಉಪ್ಪಿನ ಗೆರೆ ಕಾಣುತ್ತದೆ. ನಮ್ಮ ಟೈಲರಕ್ಕ ಒಳಗಡೆ ಎರಡು ಪದರ ಹತ್ತಿ ಬಟ್ಟೆ ಕೊಟ್ಟು ಹೊಲಿದುಕೊಡುತ್ತಿದ್ದರು. ಅದೂ ಮೂರನೇ ಪೀರಿಯಡ್‌ವರೆಗೆ ಅಷ್ಟೇ. ನಮ್ಮ ಕಡೆಯ ಸೆಖೆಯಲ್ಲಿ ಒಮ್ಮೆ ಒದ್ದೆಯಾದದ್ದು ಒಣಗೋದೇ ಇಲ್ಲ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಡಿಯೋಡರೆಂಟ್ ಬೆವರು ನಿಲ್ಲಿಸೋಕೆ ಇರುವುದೇ ಅಲ್ಲ. ಅದು ವಾಸನೆಗೆ. ಬೆವರಿಗೆ ತಾನಾಗಿ ವಾಸನೆ ಇರಲ್ಲ ಅನ್ನಬಹುದು, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ತಿಂದಾಗ ವಾಸನೆ ಬರುತ್ತದೆ. ಡಿಯೋ ಆ ಬ್ಯಾಕ್ಟೀರಿಯಾವನ್ನು ಕಡಿಮೆ ಮಾಡಿ ಮೇಲೆ ಒಂದಿಷ್ಟು ಪರಿಮಳ ಹಾಕುತ್ತದೆ. ನೀರು ಹರಿಯೋದು ಹರಿಯುತ್ತಲೇ ಇರುತ್ತದೆ. ನಿಮಗೆ ಬೇಕಿರುವುದು ಆ್ಯಂಟಿಪರ್ಸ್ಪಿರಂಟ್, ಅಂದರೆ ಅಲ್ಯೂಮಿನಿಯಂ ಉಪ್ಪು ಇರುವಂಥದ್ದು. ನಾಲ್ಕಲ್ಲ, ನಲವತ್ತು ಡಿಯೋ ಬದಲಿಸಿದರೂ ಅಂಗಿ ಒದ್ದೆಯೇ. ಇನ್ನೊಂದು, ನೀವು "ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತೇನೆ" ಅಂತ ಬರೆದಿದ್ದೀರಲ್ಲ, ಅದು ಬೇಡ. ಇದು ಕೊಳಕಿನ ವಿಷಯವೇ ಅಲ್ಲ. ಬೆವರುಗ್ರಂಥಿ ಸರಿಯಾಗೇ ಇದೆ, ಅದಕ್ಕೆ ಹೋಗುವ ನರ ಮಾತ್ರ ಬೇಡದಿದ್ದಾಗಲೂ "ಬೆವರು, ಬೆವರು" ಅಂತ ಹೇಳುತ್ತಾ ಇರುತ್ತದೆ.

ಡಾಕ್ಟರುಗಳು ಇದಕ್ಕೆ ಹೈಪರ್‌ಹೈಡ್ರೋಸಿಸ್ ಅನ್ನುತ್ತಾರೆ. ನನ್ನ ಚರ್ಮದ ಡಾಕ್ಟರ್ ಮೊದಲ ದಿನ ಕೇಳಿದ್ದು ಇಷ್ಟು: ಆರು ತಿಂಗಳಿಗಿಂತ ಜಾಸ್ತಿ ಆಯಿತಾ, ಎರಡೂ ಕಡೆ ಸಮ ಇದೆಯಾ, 25 ವರ್ಷಕ್ಕೆ ಮೊದಲೇ ಶುರುವಾಯಿತಾ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ, ನಿದ್ದೆಯಲ್ಲಿ ನಿಲ್ಲುತ್ತದಾ. ನನ್ನದು 14ಕ್ಕೇ ಶುರು, ಅಪ್ಪನಿಗೆ ಅಂಗೈ ಬೆವರುತ್ತಿತ್ತು, ನಿದ್ದೆಯಲ್ಲಿ ಪೂರ್ತಿ ಒಣ. ಹಾಗಿದ್ದರೆ ಸಾಮಾನ್ಯವಾಗಿ ಒಳಗೆ ಬೇರೆ ಕಾಯಿಲೆ ಇರಲ್ಲ ಅಂದರು. ನಿಮ್ಮದು ಹೀಗಲ್ಲದೆ ಇತ್ತೀಚೆಗೆ ಇದ್ದಕ್ಕಿದ್ದ ಹಾಗೆ ಶುರುವಾಗಿದ್ದರೆ, ಒಂದೇ ಕಡೆ ಬರುತ್ತಿದ್ದರೆ, ಇಲ್ಲಾ ರಾತ್ರಿ ಮಲಗಿದಾಗ ಹಾಸಿಗೆ ನೆನೆಯುವಷ್ಟು ಬೆವರಿ, ಜೊತೆಗೆ ಜ್ವರ, ತೂಕ ಇಳಿಯೋದು, ಎದೆ ಡವಡವ ಅನ್ನೋದು ಏನಾದರೂ ಇದ್ದರೆ ಲೋಷನ್ ಹುಡುಕೋದು ಬಿಟ್ಟು ಮೊದಲು ಫಿಸಿಶಿಯನ್ ಹತ್ತಿರ ಹೋಗಿ. ಥೈರಾಯ್ಡ್ ಜಾಸ್ತಿಯಾದರೂ ಹೀಗಾಗುತ್ತದೆ, ಟಿಬಿಯಲ್ಲೂ ಆಗುತ್ತದೆ, ಶುಗರ್ ಇಳಿದಾಗಲೂ ಆಗುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಬೆವರು ಜಾಸ್ತಿಯಾಗುತ್ತದೆ. ಅಂಥದ್ದು ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

ಈಗ ಆ ಬಾಟಲಿ ವಿಷಯ. ಅಲ್ಯೂಮಿನಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್, 20 ಪರ್ಸೆಂಟ್ ಲೋಷನ್. ಬೋಟಾಕ್ಸಿನ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ. ನಾನು ಮೊದಲ ಸಲ ಅದನ್ನು ಹಚ್ಚಿದ್ದು ಬೆಳಗ್ಗೆ ಏಳೂವರೆಗೆ, ತಲೆಗೆ ಸ್ನಾನ ಮಾಡಿ, ಕಂಕುಳು ಶೇವ್ ಮಾಡಿ, ಟವೆಲಿನಲ್ಲಿ ಒಮ್ಮೆ ಒರೆಸಿ, ಬ್ಲೌಸ್ ಹಾಕುವ ಅವಸರದಲ್ಲಿ. ಬಸ್ ಸ್ಟಾಪ್ ಮುಟ್ಟುವಷ್ಟರಲ್ಲಿ ಕಂಕುಳಿಗೆ ಯಾರೋ ಹಸಿಮೆಣಸು ಅರೆದು ಹಚ್ಚಿದ ಹಾಗೆ. ಇಡೀ ದಿನ ಎರಡು ಕೈಯನ್ನೂ ಕೋಳಿ ರೆಕ್ಕೆ ಅಗಲಿಸಿದ ಹಾಗೆ ಇಟ್ಟುಕೊಂಡು ಪಾಠ ಮಾಡಿದೆ. ಬೆವರೂ ನಿಲ್ಲಲಿಲ್ಲ. ಬಾಟಲಿಯನ್ನು ಬೀರುವಿನ ತಳಕ್ಕೆ ಹಾಕಿದವಳು ಎರಡು ವರ್ಷ ಮುಟ್ಟಲಿಲ್ಲ.

ಬೆಳಗ್ಗೆ ಹಚ್ಚಿದ್ದು, ಒದ್ದೆ ಚರ್ಮಕ್ಕೆ ಹಚ್ಚಿದ್ದು, ಶೇವ್ ಮಾಡಿದ ಕೂಡಲೇ ಹಚ್ಚಿದ್ದು, ಮೂರಕ್ಕೆ ಮೂರೂ ತಪ್ಪು ಅಂತ ಆಮೇಲೆ ಗೊತ್ತಾಯಿತು. ಈ ಉಪ್ಪು ಬೆವರಿನ ಕೊಳವೆಯ ಬಾಯಿಗೆ ಇಳಿದು ಅಲ್ಲಿ ಒಂದು ಸಣ್ಣ ಬಿರಡೆ ಹಾಗೆ ಕೂರಬೇಕು. ನೀರು ಹರಿಯುತ್ತಿರುವಾಗ ಹಚ್ಚಿದರೆ ಕೂರೋ ಮೊದಲೇ ತೊಳೆದುಹೋಗುತ್ತದೆ. ಅದಕ್ಕೇ ರಾತ್ರಿ, ಬೆವರು ನಿಂತ ಮೇಲೆ, ಮಲಗುವ ಮುಂಚೆ ಹಚ್ಚಬೇಕು. ಇನ್ನು ಚರ್ಮ ಒದ್ದೆ ಇದ್ದರೆ ಇದು ನೀರಿನ ಜೊತೆ ಸೇರಿ ಹೈಡ್ರೋಕ್ಲೋರಿಕ್ ಆಸಿಡ್ ಆಗುತ್ತದೆ, ಉರಿ ಅದರದ್ದೇ. ಶೇವ್ ಮಾಡಿದ ದಿನವಂತೂ ಕಣ್ಣಿಗೆ ಕಾಣದ ಗೀರುಗಳೂ ಇರುತ್ತವೆ. ಒಂದೆರಡು ದಿನ ಬಿಟ್ಟು ಹಚ್ಚಬೇಕು.

ಈಗ ನಾನು ಮಾಡೋದು ಹೀಗೆ. ರಾತ್ರಿ ಪಾತ್ರೆ ತೊಳೆದು ಮುಗಿದ ಮೇಲೆ ಟೇಬಲ್ ಫ್ಯಾನ್ ಮುಂದೆ ಎರಡೂ ಕೈ ತಲೆ ಮೇಲಿಟ್ಟು ಐದು ನಿಮಿಷ ನಿಲ್ಲುತ್ತೇನೆ. ಮನೆಯವರು ಇದನ್ನು ನೋಡಿ ಮೊದಮೊದಲು "ಪೊಲೀಸ್ ಹಿಡಿದರಾ" ಅಂತ ನಗುತ್ತಿದ್ದರು. ಪೂರ್ತಿ ಒಣಗಿದೆ ಅಂತ ಕೈಯಿಂದ ಮುಟ್ಟಿ ನೋಡಿ, ತೆಳ್ಳಗೆ ಒಂದೇ ಸಲ ಹಚ್ಚಿ, ಅದೂ ಒಣಗಿದ ಮೇಲೆ ಹಳೇ ನೈಟಿ. ಹೊಸ ಬಟ್ಟೆ ಬೇಡ, ಕಲೆ ಬೀಳುತ್ತದೆ, ಬಟ್ಟೆ ಹಾಳಾಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ತೊಳೆದುಬಿಡೋದು. ತೊಳೆದರೆ ಹೋಗಿಬಿಡುತ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ, ಹೋಗಲ್ಲ, ಒಳಗೆ ಕೂತದ್ದು ಅಲ್ಲೇ ಇರುತ್ತದೆ. ಶುರುವಿನಲ್ಲಿ ದಿನಾ ರಾತ್ರಿ. ನನಗೆ ನಾಲ್ಕನೇ ದಿನ ಫರಕು ಗೊತ್ತಾಯಿತು, ಹತ್ತನೇ ದಿನ ಬೋರ್ಡಿನ ಮೇಲಿನ ಸಾಲಿನಲ್ಲಿ ಬರೆದೆ. ಆಮೇಲೆ ಎರಡು ದಿನಕ್ಕೊಮ್ಮೆ, ಈಗ ವಾರಕ್ಕೊಮ್ಮೆ, ಭಾನುವಾರ ರಾತ್ರಿ. ಏಪ್ರಿಲ್ ಮೇನಲ್ಲಿ ಎರಡು ಸಲ. ತುರಿಕೆ, ಕೆಂಪು ಆದರೆ ಎರಡು ಮೂರು ದಿನ ಬಿಡಿ. ಡಾಕ್ಟರ್ ನನಗೆ ಸೌಮ್ಯವಾದ ಹೈಡ್ರೋಕಾರ್ಟಿಸೋನ್ ಕ್ರೀಮು ಕೊಟ್ಟಿದ್ದರು, ಅದನ್ನೂ ಕೇಳದೆ ತಿಂಗಳುಗಟ್ಟಲೆ ಹಚ್ಚಬಾರದು.

ಅಲ್ಯೂಮಿನಿಯಂ ಹಚ್ಚಿದರೆ ಸ್ತನ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದೆ. ಇವತ್ತಿನವರೆಗೆ ಅದು ಸಾಬೀತಾಗಿಲ್ಲ. ಕಿಡ್ನಿ ಕಾಯಿಲೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ ಬಳಸಬೇಕು. ಕಟಿಂಗ್ ಶಾಪಿನ ಪಟಿಕವೂ ಅಲ್ಯೂಮಿನಿಯಂ ಉಪ್ಪೇ, ವಾಸನೆಗೆ ಪರವಾಗಿಲ್ಲ, ಈ ಮಟ್ಟದ ಬೆವರಿಗೆ ಸಾಲಲ್ಲ. ಪೌಡರ್ ಹಾಕಿದರೆ ಹತ್ತು ನಿಮಿಷದಲ್ಲಿ ಹಿಟ್ಟು ಕಲಸಿದ ಹಾಗೆ ಆಗುತ್ತದೆ, ನಿಮಗೇ ಗೊತ್ತಿರುತ್ತದೆ.

ಬಾಟಲಿ ಸೋತರೆ ಮಾತ್ರೆ ಇದೆ. ಗ್ಲೈಕೋಪೈರೋಲೇಟ್, ಆಕ್ಸಿಬ್ಯುಟಿನಿನ್. ನರದಿಂದ ಗ್ರಂಥಿಗೆ ಹೋಗುವ ಸಂದೇಶವನ್ನು ಇವು ತಡೆಯುತ್ತವೆ. ತೊಂದರೆ ಏನೆಂದರೆ ಇವುಗಳಿಗೆ ಕಂಕುಳು ಯಾವುದು ಬಾಯಿ ಯಾವುದು ಅಂತ ಗೊತ್ತಿಲ್ಲ, ಇಡೀ ಮೈಯನ್ನೇ ಒಣಗಿಸುತ್ತವೆ. ಬಾಟಲಿ ಬೀರುವಿನಲ್ಲಿದ್ದ ಕಾಲದಲ್ಲಿ ಬೇರೆ ಡಾಕ್ಟರ್ ಹೇಳಿ ನಾನು ಗ್ಲೈಕೋಪೈರೋಲೇಟ್ ಎರಡು ತಿಂಗಳು ತಗೊಂಡೆ. ಕಂಕುಳು ಒಣಗಿತು, ಜೊತೆಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಪೈಥಾಗೊರಸ್ ಹೆಸರು ಹೇಳೋಕೇ ಎರಡು ಗುಟುಕು ನೀರು ಬೇಕಾಗುತ್ತಿತ್ತು. ಮಲಬದ್ಧತೆ ಬೇರೆ. ಸ್ಪೋರ್ಟ್ಸ್ ಡೇ ದಿನ ಬಿಸಿಲಲ್ಲಿ ನಿಂತಾಗ ಮುಖ ಕೆಂಡವಾಗಿ ತಲೆ ತಿರುಗಿ ಕೂತುಬಿಟ್ಟೆ. ಮೈ ಬೆವರದಿದ್ದರೆ ತಂಪಾಗೋದು ಹೇಗೆ? ಬಿಸಿಲಲ್ಲಿ ಕೆಲಸ ಮಾಡುವವರಿಗೆ ಇದು ನಿಜವಾದ ಅಪಾಯ. ಗ್ಲಾಕೋಮಾ ಇರುವವರು, ಮೂತ್ರ ಕಟ್ಟುವ ತೊಂದರೆ ಇರುವವರು ಇದರ ಹತ್ತಿರ ಹೋಗಬಾರದು. ಇದೇ ಜಾತಿಯ ಔಷಧಿಯನ್ನು ಕಂಕುಳಿಗೆ ಮಾತ್ರ ಹಚ್ಚುವ ಹಾಗೆ ಮಾಡಿದ್ದೂ ಬಂದಿದೆ. ಅಮೆರಿಕದಲ್ಲಿ 2018ರಲ್ಲಿ ಗ್ಲೈಕೋಪೈರೋನಿಯಂ ಹಾಕಿದ ಒರೆಸುವ ಬಟ್ಟೆಗೆ ಒಪ್ಪಿಗೆ ಸಿಕ್ಕಿತು, 2024ರಲ್ಲಿ ಸೋಫ್‌ಪೈರೋನಿಯಂ ಜೆಲ್‌ಗೆ. ನಿಮ್ಮ ಡಾಕ್ಟರ್ ಅಂಥದ್ದು ಬರೆದುಕೊಟ್ಟರೆ ಹಚ್ಚಿದ ಕೈ ತೊಳೆಯದೆ ಕಣ್ಣು ಉಜ್ಜಬೇಡಿ, ಪಾಪೆ ಅಗಲವಾಗಿ ಎಲ್ಲ ಮಬ್ಬು ಮಬ್ಬಾಗಿ ಕಾಣುತ್ತದೆ.

ಬೋಟಾಕ್ಸ್ ಮಾಡಿಸಿದ್ದು ತಂಗಿಯ ಮದುವೆಗೆ. ಮಾತ್ರೆ ಬಿಟ್ಟಿದ್ದೆ, ಬಾಟಲಿ ಸರಿಯಾಗಿ ಹಚ್ಚೋದು ಇನ್ನೂ ಗೊತ್ತಿರಲಿಲ್ಲ. ಸೂಜಿಗಿಂತ ನನಗೆ ನೆನಪಿರೋದು ಅದಕ್ಕೂ ಮುಂಚೆ ಮಾಡಿದ ಪರೀಕ್ಷೆ. ಕಂಕುಳಿಗೆ ಅಯೋಡಿನ್ ಬಳಿದು, ಒಣಗಿದ ಮೇಲೆ ಪಿಷ್ಟದ ಪುಡಿ ಉದುರಿಸಿದರು. ಬೆವರು ಬಂದ ಜಾಗದಲ್ಲೆಲ್ಲ ಚುಕ್ಕಿ ಚುಕ್ಕಿಯಾಗಿ ಕಡು ನೀಲಿ, ನೋಡನೋಡುತ್ತಾ ಚುಕ್ಕಿಗಳು ಸೇರಿ ಅಂಗೈ ಅಗಲ ಕಪ್ಪು. ಏಳನೇ ಕ್ಲಾಸಿನ ಆಲೂಗಡ್ಡೆ ಪ್ರಯೋಗವೇ, ಆಲೂಗಡ್ಡೆ ಮಾತ್ರ ನಾನು. ಆ ಕಪ್ಪು ಜಾಗಕ್ಕೆ ಮಾತ್ರ, ಒಂದೊಂದು ಕಡೆ 50 ಯೂನಿಟ್, ಹದಿನೈದು ಸಣ್ಣ ಸಣ್ಣ ಚುಚ್ಚು. ಮರಗಟ್ಟುವ ಕ್ರೀಮ್ ಹಚ್ಚಿದ್ದರು, ಇರುವೆ ಕಚ್ಚಿದಷ್ಟು ನೋವು. ಒಂದು ವಾರದಲ್ಲಿ ಒಣಗಿತು. ರೇಷ್ಮೆ ಬ್ಲೌಸಿನಲ್ಲಿ ಧಾರೆ ಮುಗಿಸಿ ಊಟಕ್ಕೆ ಬಡಿಸಿ ಬಂದರೂ ಒಂದು ಚುಕ್ಕೆ ಒದ್ದೆ ಇಲ್ಲ, ಬಚ್ಚಲುಮನೆಗೆ ಹೋಗಿ ಎರಡು ಸಲ ಮುಟ್ಟಿ ನೋಡಿಕೊಂಡೆ. ಏಳು ತಿಂಗಳು ಬಂತು. ಆಮೇಲೆ ಮೆಲ್ಲಗೆ ವಾಪಸ್. ಎರಡೂ ಕಡೆ ಸೇರಿ ನನಗೆ 30 ಸಾವಿರ ದಾಟಿತ್ತು, ನನ್ನ ಸಂಬಳಕ್ಕೆ ವರ್ಷಾ ವರ್ಷಾ ಅದು ಕಷ್ಟ. ದುಡ್ಡಿಗೆ ತೊಂದರೆ ಇಲ್ಲ, ಬಾಟಲಿ ಆಗಿಬರಲ್ಲ ಅನ್ನುವವರಿಗೆ ನಾನು ಧೈರ್ಯವಾಗಿ ಮಾಡಿಸಿ ಅನ್ನುತ್ತೇನೆ. ಅಮೆರಿಕದಲ್ಲಿ ಕಂಕುಳ ಬೆವರಿಗೆ ಇದಕ್ಕೆ 2004ರಲ್ಲೇ ಒಪ್ಪಿಗೆ ಸಿಕ್ಕಿದೆ, ಹೊಸ ಪ್ರಯೋಗ ಏನಲ್ಲ. ಆದರೆ ಚರ್ಮದ ಡಾಕ್ಟರ್ ಹತ್ತಿರವೇ ಮಾಡಿಸಿ, ಪಾರ್ಲರಿನಲ್ಲಿ ಅಲ್ಲ.

ಮೈಕ್ರೋವೇವ್ ಶಾಖದಿಂದ ಕಂಕುಳ ಗ್ರಂಥಿಗಳನ್ನೇ ಸುಡುವ ಮಷಿನ್ ಇದೆ. ಸುಟ್ಟ ಗ್ರಂಥಿ ಮತ್ತೆ ಬೆಳೆಯಲ್ಲ. ಊತ, ಜೋಮು ಕೆಲವು ವಾರ ಇರಬಹುದು. ನಾನು ಮಾಡಿಸಿಲ್ಲ, ಹಾಗಾಗಿ ಜಾಸ್ತಿ ಹೇಳಲ್ಲ. ಎದೆಯೊಳಗಿನ ನರ ಕತ್ತರಿಸುವ ಆಪರೇಷನ್ ಬಗ್ಗೆ ಮಾತ್ರ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಕಂಕುಳ ಬೆವರು ಒಂದಕ್ಕೇ ಅದಕ್ಕೆ ಹೋಗಬೇಡಿ. ಕಂಕುಳಲ್ಲಿ ನಿಂತ ಬೆವರು ಬೆನ್ನಿಗೆ, ಹೊಟ್ಟೆಗೆ, ತೊಡೆಗೆ ಬರುವುದು ತುಂಬಾ ಜನರಿಗೆ ಆಗುತ್ತದೆ, ಕತ್ತರಿಸಿದ ನರವನ್ನು ವಾಪಸ್ ಜೋಡಿಸೋಕೆ ಆಗಲ್ಲ. ಕಂಕುಳನ್ನಾದರೂ ಅಂಗಿಯೊಳಗೆ ಬಚ್ಚಿಡಬಹುದು, ಪ್ಯಾಂಟೇ ಒದ್ದೆಯಾದರೆ ಏನು ಮಾಡ್ತೀರಿ?

ನಿಮ್ಮ ಪ್ರೆಸೆಂಟೇಶನ್‌ಗೆ ಇನ್ನೂ ನಾಲ್ಕು ವಾರ ಇದೆ ಅಂದಿರಿ. ಈ ವಾರ ಡಾಕ್ಟರನ್ನು ನೋಡಿ, ಎರಡು ವಾರ ಬಾಟಲಿಯನ್ನು ರಾತ್ರಿ ಹೊತ್ತು, ಒಣ ಚರ್ಮಕ್ಕೆ ಹಚ್ಚಿ. ಆಗಲೂ ಅಂಗಿ ಒದ್ದೆಯಾದರೆ ಬೋಟಾಕ್ಸ್ ಮಾಡಿಸಿಕೊಂಡು ಅದು ಹಿಡಿಯೋಕೂ ಸಮಯ ಉಳಿದಿರುತ್ತದೆ. ಅವತ್ತು ಮಾತ್ರ ತಿಳಿ ನೀಲಿ ಅಂಗಿ ಬೇಡ, ಒಂದು ಹನಿ ಬಿದ್ದರೂ ತೋರಿಸಿಬಿಡುತ್ತದೆ. ಬಿಳಿ ಹಾಕಿ, ಒಳಗೆ ಹತ್ತಿ ಬನಿಯನ್, ತೋಳಿರುವುದು.