ಓದುಗರ ಪ್ರಶ್ನೆ: ಶಾಲೆಯಲ್ಲಿ ಕೌನ್ಸೆಲರ್ ಆಗಬೇಕೆಂದರೆ

ಶಾಲಾ ಆಪ್ತಸಮಾಲೋಚನೆಯ (ಕೌನ್ಸೆಲಿಂಗ್) ಓದು ಮತ್ತು ತರಬೇತಿ ಕುರಿತು ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಬಿ.ಎ.ಯಲ್ಲಿ ಮನೋವಿಜ್ಞಾನ ಒಂದು ವಿಷಯವಾಗಿತ್ತು. ಈಗ ಕೆಲಸದಲ್ಲಿದ್ದೇನೆ. ಮನೆಯಿಂದಲೇ ಎಂ.ಎ. ಮಾಡಿಕೊಂಡು ಶಾಲೆಯಲ್ಲಿ ಕೌನ್ಸೆಲರ್ ಆಗಬಹುದೇ?
— ಆರ್., ರಾಜಾಜಿನಗರ

ಮನೆಯಿಂದ ಓದುವ ದಾರಿ ಈಗ ಮುಚ್ಚಿದೆ. ಮನೋವಿಜ್ಞಾನವನ್ನು 2025ರ ಜುಲೈ–ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೇಳಿದೆ. ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕಾಯ್ದೆಯ ವ್ಯಾಪ್ತಿಗೆ ಈ ವಿಷಯವೂ ಸೇರಿರುವುದೇ ಕಾರಣ. ‘ಈಗಲೂ ಸೀಟಿದೆ, ಇವತ್ತೇ ಫೀಸು ಕಟ್ಟಿ’ ಎಂದು ಏಜೆಂಟರು ಫೋನ್ ಮಾಡಿದರೆ ಇಟ್ಟುಬಿಡಿ.

ಹಾಗಾಗಿ ಉಳಿದಿರುವುದು ಕಾಲೇಜಿಗೆ ಹೋಗಿ ಓದುವ ಎರಡು ವರ್ಷದ, ನಾಲ್ಕು ಸೆಮಿಸ್ಟರಿನ ಎಂ.ಎ. ಅಥವಾ ಎಂ.ಎಸ್ಸಿ. ಬೆಂಗಳೂರಿನಲ್ಲಿ ಇದಕ್ಕೆ ಕೊರತೆಯಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವಿದೆ. ಕೌನ್ಸೆಲಿಂಗ್ ಸೈಕಾಲಜಿಯನ್ನೇ ಪ್ರಧಾನವಾಗಿ ಕಲಿಸುವ ಕ್ರೈಸ್ಟ್, ಮೌಂಟ್‌ಫೋರ್ಟ್‌ನಂಥ ಸಂಸ್ಥೆಗಳಿವೆ. ಎಲ್ಲಿ ಸೇರಬೇಕೆನ್ನುವುದಕ್ಕೆ ನಮ್ಮ ಅಳತೆಗೋಲು ಕಟ್ಟಡವೂ ಅಲ್ಲ, ರ್‍ಯಾಂಕೂ ಅಲ್ಲ. ಪ್ರವೇಶಕ್ಕೆ ಹೋದಾಗ ಇಷ್ಟು ಕೇಳಿ: ಎರಡು ವರ್ಷದಲ್ಲಿ ಎಷ್ಟು ಗಂಟೆ ನಾನು ಮಗುವಿನ ಎದುರು ಕೂರುತ್ತೇನೆ? ಆ ಗಂಟೆಗಳಲ್ಲಿ ಶಾಲೆಯಲ್ಲಿ ಕಳೆಯುವುದು ಎಷ್ಟು? ನನ್ನ ಕೆಲಸವನ್ನು ವಾರಕ್ಕೊಮ್ಮೆ ಕೂತು ನೋಡುವ ಸೂಪರ್‌ವೈಸರ್ ಯಾರು, ಅವರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ? ಈ ಗಂಟೆಗಳನ್ನು ದಾಖಲಿಸುವ ಲಾಗ್‌ಬುಕ್‌ಗೆ ಸಹಿ ಹಾಕುವವರು ಯಾರು? ‘ಅದೆಲ್ಲ ಆಮೇಲೆ ನೋಡೋಣ ಬಿಡಿ’ ಎನ್ನುವ ಕಾಲೇಜಿನಲ್ಲಿ ಪುಸ್ತಕದ ಪಾಠ ಸಿಗುತ್ತದೆ, ಕೆಲಸ ಕಲಿಯಲು ಸಿಗುವುದಿಲ್ಲ. ಸಹಪಾಠಿಗಳೇ ಒಬ್ಬರಿಗೊಬ್ಬರು ಕ್ಲೈಂಟ್ ಆಗಿ ನಟಿಸುವ ರೋಲ್‌ಪ್ಲೇಯನ್ನೇ ಪ್ರ್ಯಾಕ್ಟಿಕಮ್ (ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ಕಲಿಯುವ) ಗಂಟೆಯೆಂದು ಬರೆಸುವ ಕಡೆಗಳೂ ಉಂಟು. ಅಂಥ ಗಂಟೆ ನಂಬಿ ಮೊದಲ ಕೆಲಸಕ್ಕೆ ಸೇರಿದವರಿಗೆ, ಎದುರಿಗಿರುವ ಮಗು ಇಪ್ಪತ್ತು ನಿಮಿಷ ಬಾಯಿ ಬಿಡದೆ ಕೂತರೆ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ.

ಹದಿನಾಲ್ಕು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೇನೆ, ಬಿ.ಎಡ್. ಆಗಿದೆ. ಕೆಲಸ ಬಿಡದೆ ಆಪ್ತಸಮಾಲೋಚನೆ ಕಲಿಯಲು ಆಗುತ್ತದೆಯೇ?
— ಶಿಕ್ಷಕಿ, ವಿಜಯನಗರ

ಆಗುತ್ತದೆ. ನಿಮ್ಮಂಥವರಿಗೆಂದೇ ಎನ್‌ಸಿಇಆರ್‌ಟಿ ಒಂದು ವರ್ಷದ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ ಡಿಪ್ಲೊಮಾ ರೂಪಿಸಿದೆ. ಅದರಲ್ಲಿ 6 ತಿಂಗಳು ಮನೆಯಲ್ಲಿದ್ದು ಓದುವುದು, 3 ತಿಂಗಳು ಕೇಂದ್ರದಲ್ಲಿ ಮುಖಾಮುಖಿ ತರಗತಿ, 3 ತಿಂಗಳು ಇಂಟರ್ನ್‌ಶಿಪ್. ನಮಗೆ ಹತ್ತಿರದ ಕೇಂದ್ರ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಮುಖಾಮುಖಿಯ ಮೂರು ತಿಂಗಳಿಗೆ ಶಾಲೆಯಿಂದ ರಜೆ ಬೇಕು. ಹಲವರು ಎಡವುವುದು ಇಲ್ಲೇ. ಅರ್ಜಿ ಹಾಕುವ ಮೊದಲೇ ಆಡಳಿತ ಮಂಡಳಿಯಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ, ಬಾಯಿಮಾತು ಸಾಲದು.

ಡಿಪ್ಲೊಮಾ ಕೈಗೆ ಬಂದ ಮೇಲೆ ಇನ್ನೊಂದು ತೊಡಕು. ಬೆಳಿಗ್ಗೆ ಮಾರ್ಕ್ಸ್ ಕೊಡುವ ಮೇಡಂ ಮಧ್ಯಾಹ್ನ ಗುಟ್ಟು ಕೇಳಿಸಿಕೊಳ್ಳುವವರಾದರೆ ಮಗು ಯಾವುದನ್ನು ನಂಬಬೇಕು? ನೀವು ಪಾಠ ಮಾಡುವ ಸೆಕ್ಷನ್ನಿನ ಮಕ್ಕಳನ್ನು ನೀವೇ ನೋಡಬೇಡಿ, ಬೇರೆ ತರಗತಿಯವರನ್ನು ನೋಡಿ. ಶಿಸ್ತು ಸಮಿತಿಯಲ್ಲಿದ್ದರೆ ಅದರಿಂದ ಹೊರಬನ್ನಿ. ಎರಡೂ ಟೋಪಿ ಹಾಕಿಕೊಂಡವರ ಕೋಣೆಗೆ ಮಕ್ಕಳು ತಾವಾಗಿ ಬರುವುದಿಲ್ಲ, ಯಾರಾದರೂ ಕಳಿಸಿದರೆ ಬರುತ್ತಾರೆ.

ಎಂ.ಎಸ್ಸಿ ಎರಡನೇ ಸೆಮಿಸ್ಟರ್. ಮುಂದಿನ ತಿಂಗಳಿಂದ ಪ್ರ್ಯಾಕ್ಟಿಕಮ್‌ಗೆ ಒಂದು ಕನ್ನಡ ಮಾಧ್ಯಮ ಶಾಲೆ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಮೊದಲ ದಿನ ಮಗುವಿನ ಹತ್ತಿರ ಏನು ಮಾತಾಡಬೇಕೆಂದೇ ಹೊಳೆಯುತ್ತಿಲ್ಲ.
— ವಿದ್ಯಾರ್ಥಿನಿ, ಯಶವಂತಪುರ

ಒಳ್ಳೆಯ ಪ್ರಶ್ನೆ, ಇದನ್ನು ಕಾಲೇಜುಗಳೇ ಕೇಳಿಕೊಳ್ಳಬೇಕಿತ್ತು. ಪಠ್ಯದಲ್ಲಿರುವ ಪ್ರಶ್ನೆಯನ್ನು ಕನ್ನಡಿಸಿ ‘ಅದರಿಂದ ನಿನಗೆ ಹೇಗೆ ಅನ್ನಿಸುತ್ತೆ?’ ಎಂದು ಕೇಳಿದರೆ ಆರನೇ ಕ್ಲಾಸಿನ ಹುಡುಗ ‘ಏನೂ ಇಲ್ಲ ಮಿಸ್’ ಎನ್ನುತ್ತಾನೆ, ಇಲ್ಲವೇ ‘ಬೇಜಾರು’ ಎನ್ನುತ್ತಾನೆ. ನಮ್ಮ ಮಕ್ಕಳ ‘ಬೇಜಾರು’ ದೊಡ್ಡ ಚೀಲ. ದುಃಖ, ಸಿಟ್ಟು, ಅವಮಾನ, ಒಂಟಿತನ, ಸುಮ್ಮನೆ ಬೋರು, ಎಲ್ಲ ಅದರಲ್ಲೇ. ಚೀಲ ಬಿಚ್ಚಬೇಕು: ‘ಅಳು ಬರೋ ಥರ ಬೇಜಾರಾ, ಯಾರಿಗಾದ್ರೂ ಹೊಡೀಬೇಕು ಅನ್ನೋ ಥರ ಬೇಜಾರಾ?’ ಭಾವನೆಗೆ ಮಾತು ಸಿಗದಿದ್ದರೆ ಮೈಗೆ ಏನಾಯಿತೆಂದು ಕೇಳಿ: ‘ಆಗ ಹೊಟ್ಟೇಲಿ ಏನಾಯ್ತು? ಕೈ ನಡುಗ್ತಾ?’ ಸೋಮವಾರ ಬೆಳಿಗ್ಗೆಯೇ ಬರುವ ಹೊಟ್ಟೆನೋವು ಸುಳ್ಳಾಗಿರಬೇಕೆಂದಿಲ್ಲ. ನೋವು ನಿಜವೇ, ಕಾರಣ ಮಾತ್ರ ಬೇರೆ ಕಡೆ ಇರಬಹುದು.

‘ಯಾಕೆ’ ಎಂಬ ಪದವನ್ನು ಮೊದಲ ಕೆಲವು ಭೇಟಿಗಳಲ್ಲಿ ಬಿಟ್ಟುಬಿಡಿ. ಶಾಲೆಯಲ್ಲಿ ‘ಯಾಕೆ ಹೀಗ್ಮಾಡ್ದೆ?’ ಎನ್ನುವುದು ಪ್ರಶ್ನೆಯಲ್ಲ, ಬೈಗುಳ. ‘ಏನಾಯ್ತು? ಆಮೇಲೆ?’ ಸಾಕು. ಚಿಕ್ಕವರಿಗೆ ‘ನೀನು’ ಸಹಜ. ಪಿಯುಸಿ ಮಕ್ಕಳಿಗಾದರೆ ಹೇಗೆ ಕರೆಯಲಿ ಎಂದು ಅವರನ್ನೇ ಕೇಳಿ.

ವ್ಯವಸ್ಥೆಯ ಮಾತು. ಪ್ರಾಂಶುಪಾಲರ ಕೋಣೆಗೆ ಅಂಟಿಕೊಂಡ ಜಾಗ ಕೊಟ್ಟರೆ ನಯವಾಗಿ ಬೇಡವೆನ್ನಿ. ಲೈಬ್ರರಿಯ ಒಂದು ಮೂಲೆ ಎಷ್ಟೋ ವಾಸಿ. ಹೊರಗಿನಿಂದ ಕಾಣಬೇಕು, ಮಾತು ಕೇಳಿಸಬಾರದು. ಮೇಜನ್ನು ನಡುವೆ ಇಡಬೇಡಿ. ಒಂದು ಪಿರಿಯಡ್ಡಿನಲ್ಲಿ ಮಾತು 30 ನಿಮಿಷ, ಉಳಿದದ್ದು ಟಿಪ್ಪಣಿಗೆ. ಆಟದ ಪಿರಿಯಡ್ ಕಸಿದರೆ ಮಗು ನಿಮ್ಮ ಮೇಲೆ ಮುನಿಸಿಕೊಂಡೇ ಬರುತ್ತದೆ. ಪ್ರತಿವಾರ ಗಣಿತದ ಪಿರಿಯಡ್ಡೇ ತಪ್ಪಿಸಿದರೆ ಗಣಿತದ ಮೇಷ್ಟ್ರು ಮುನಿಯುತ್ತಾರೆ. ಆಯಾ ಬಾಗಿಲಲ್ಲಿ ನಿಂತು ‘ಕೌನ್ಸೆಲರ್ ಕರೀತಾರೆ’ ಎಂದು ಹೆಸರು ಕೂಗಿದರೆ ಆ ಹೆಸರು ಸಂಜೆಯವರೆಗೆ ತಮಾಷೆಯಾಗುತ್ತದೆ. ಆದ್ದರಿಂದ ಮೊದಲ ಎರಡು ವಾರ ತರಗತಿಯ ಎಲ್ಲರನ್ನೂ ನಾಲ್ಕೈದು ಮಂದಿಯಂತೆ ಸರದಿಯಲ್ಲಿ ಕರೆದು ಪರಿಚಯ ಮಾಡಿಕೊಳ್ಳಿ. ಆಮೇಲೆ ಒಬ್ಬರನ್ನೇ ಕರೆದರೂ ಯಾರೂ ಗಮನಿಸುವುದಿಲ್ಲ.

ಟಿಪ್ಪಣಿಯಲ್ಲಿ ದಿನಾಂಕ, ಯಾರು ಕಳಿಸಿದರು, ಮಗು ಹೇಳಿದ ಮಾತು ಅದರದೇ ಪದಗಳಲ್ಲಿ, ನೀವು ಕಂಡದ್ದು, ಮಾಡಿದ್ದು, ಮುಂದಿನ ಹೆಜ್ಜೆ ಇರಲಿ. ‘ಡಿಪ್ರೆಷನ್ ಇದೆ’ ಎಂದು ಬರೆಯುವ ಅಧಿಕಾರ ನಿಮಗಿನ್ನೂ ಇಲ್ಲ. ‘ಎರಡು ವಾರದಿಂದ ಡಬ್ಬಿ ಮುಟ್ಟಿಲ್ಲ, ಮೂರು ದಿನ ಗೈರು’ ಎಂದು ಬರೆಯಿರಿ. ಮುಂದೆ ನೋಡುವ ವೈದ್ಯರಿಗೆ ಉಪಯೋಗವಾಗುವುದೂ ಅದೇ.

ಮಗು ಗುಟ್ಟು ಹೇಳುವ ಮುನ್ನ ‘ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ’ ಅನ್ನುತ್ತದೆ. ಏನು ಮಾಡಬೇಕು? ಲೈಂಗಿಕ ದೌರ್ಜನ್ಯದ ವಿಷಯವಾದರೆ ಶಾಲೆಯವರು ‘ಒಳಗೇ ಬಗೆಹರಿಸೋಣ’ ಎಂದರೆ?
— ಟ್ರೈನಿ, ಜಯನಗರ

ಪ್ರಾಮಿಸ್ ಮಾಡಬೇಡಿ. ಮೊದಲ ಭೇಟಿಯ ಮೊದಲ ಎರಡು ನಿಮಿಷದಲ್ಲೇ ಹೇಳಿಬಿಡಿ: ‘ನೀನು ಹೇಳಿದ್ದು ನನ್ನ ಹತ್ರಾನೇ ಇರುತ್ತೆ. ಆದ್ರೆ ನಿನಗೆ ಯಾರಾದ್ರೂ ತೊಂದ್ರೆ ಕೊಡ್ತಿದ್ರೆ, ನಿನಗೆ ನೀನೇ ಏನಾದ್ರೂ ಮಾಡ್ಕೋಬೇಕು ಅನ್ನಿಸಿದ್ರೆ, ಇಲ್ಲಾ ಬೇರೆಯವರಿಗೆ ಅಪಾಯ ಅಂತಾದ್ರೆ ನಾನು ದೊಡ್ಡವರಿಗೆ ಹೇಳಲೇಬೇಕು. ಹೇಳೋಕೆ ಮುಂಚೆ ನಿನಗೆ ತಿಳಿಸ್ತೀನಿ.’ ಇದನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿ, ಗಿಳಿಪಾಠದಂತೆ ಕೇಳಿಸಬಾರದು.

ಇನ್ನು ಒಳಗೇ ಬಗೆಹರಿಸುವ ಮಾತು. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ವಿಷಯ ತಿಳಿದವರು ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೋ ಸ್ಥಳೀಯ ಠಾಣೆಗೋ ತಿಳಿಸಲೇಬೇಕು. ಅನುಮಾನ ಬಂದರೂ ಸಾಕು. ಸಾಬೀತು ಮಾಡುವ ಹೊಣೆ ನಿಮ್ಮದಲ್ಲ. ತಿಳಿಸದಿದ್ದರೆ 21ನೇ ಕಲಂ ಅಡಿ 6 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದವರ ತಪ್ಪನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದ್ಭಾವನೆಯಿಂದ ಕೊಟ್ಟ ಮಾಹಿತಿಗೆ ಕಾನೂನಿನ ರಕ್ಷಣೆಯಿದೆ. ಪ್ರಾಂಶುಪಾಲರಿಗೆ ಬರೆದು ತಿಳಿಸಿ, ನಿಮ್ಮ ಸೂಪರ್‌ವೈಸರ್‌ಗೆ ಆ ದಿನವೇ ಫೋನ್ ಮಾಡಿ. 1098ರ ಮಕ್ಕಳ ಸಹಾಯವಾಣಿಯ ನೆರವನ್ನೂ ಪಡೆಯಬಹುದು. ಇಲ್ಲಿ ಆಗುವ ದೊಡ್ಡ ತಪ್ಪು ತನಿಖೆಗೆ ಇಳಿಯುವುದು. ಕ್ಲಾಸ್ ಟೀಚರ್ ಒಮ್ಮೆ, ಪ್ರಾಂಶುಪಾಲರು ಒಮ್ಮೆ, ಕಾರ್ಯದರ್ಶಿ ಒಮ್ಮೆ ಕೇಳಿದರೆ ಮಗು ಅದೇ ಯಾತನೆಯನ್ನು ಮೂರು ಸಲ ಪಡುತ್ತದೆ. ಹೇಳಿಕೆಯಲ್ಲಿ ಗೊಂದಲವೂ ಸೇರುತ್ತದೆ. ನೀವು ಕೇಳಿಸಿಕೊಂಡದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟು ನಿಲ್ಲಿಸಿ.

ಸಾಯುವ ಯೋಚನೆಯ ಸುಳಿವು ಕಂಡರೆ ನೇರವಾಗಿ ಕೇಳಿ: ‘ಸತ್ತುಹೋಗಬೇಕು ಅಂತ ಅನ್ನಿಸಿದ್ದುಂಟಾ?’ ಕೇಳಿದರೆ ಆ ಯೋಚನೆ ತಲೆಗೆ ತುಂಬುತ್ತದೆ ಎಂಬ ಭಯ ತಪ್ಪು. ಕೇಳಿದ ಮೇಲೆ ಹಗುರಾಗುವ ಮಕ್ಕಳೇ ಹೆಚ್ಚು. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಬಸ್ಸು ಹತ್ತಿಸಿ ಕಳಿಸಬೇಡಿ. ಮನೆಯವರು ಬಂದು ಕರೆದೊಯ್ಯಲಿ, ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಇಡುವುದನ್ನು ಅವರಿಗೆ ವಿವರಿಸಿ, ಆ ದಿನವೇ ವೈದ್ಯರಿಗೆ ತೋರಿಸಿ. ನಿಮ್ಹಾನ್ಸ್‌ನ ತುರ್ತು ಚಿಕಿತ್ಸಾ ವಿಭಾಗ ಇದೇ ಊರಿನಲ್ಲಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಕೌನ್ಸೆಲರ್ ಆದವರು ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡಬಹುದೇ? ಶಾಲೆಯಲ್ಲಿ ನಿರೀಕ್ಷಿಸುತ್ತಿದ್ದಾರೆ.
— ಕೆ., ಮಲ್ಲೇಶ್ವರ

ಕೊಡುವಂತಿಲ್ಲ. ನಿಮ್ಮ ಕೆಲಸ ಗುರುತಿಸುವುದು: ಓದುವಾಗ ಸಾಲು ತಪ್ಪುವುದು, ಒತ್ತಕ್ಷರ ನುಂಗುವುದು, ಬಾಯಲ್ಲಿ ಚೆನ್ನಾಗಿ ಹೇಳಿದ್ದನ್ನು ಬರೆಯಲಾಗದಿರುವುದು. ಇಂಥದ್ದನ್ನು ನೋಟ್‌ಬುಕ್ಕಿನ ಪುಟಗಳ ಸಮೇತ ದಾಖಲಿಸಿ ಮಗುವನ್ನು ತಪಾಸಣೆಗೆ ಕಳಿಸಿ. ಮೊದಲು ಕಣ್ಣು, ಕಿವಿ ಪರೀಕ್ಷೆಯಾಗಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರಕ್ಕೆ ಮಕ್ಕಳ ವೈದ್ಯರ ಮತ್ತು ಕ್ಲಿನಿಕಲ್ ಸೈಕಾಲಜಿಸ್ಟರ ತಪಾಸಣೆ, ಬುದ್ಧಿಮಟ್ಟದ ಪರೀಕ್ಷೆ, ಬಳಿಕ ನಿಮ್ಹಾನ್ಸ್ ಸರಣಿಯಂಥ ಕಲಿಕಾ ಪರೀಕ್ಷೆ ಬೇಕು. 2018ರ ಕೇಂದ್ರ ಮಾರ್ಗಸೂಚಿಯಲ್ಲಿ, 8ನೇ ವಯಸ್ಸಿನಲ್ಲಿ ಕೊಟ್ಟ ಪ್ರಮಾಣಪತ್ರವನ್ನು 14 ಮತ್ತು 18ರಲ್ಲಿ ಮತ್ತೆ ನೋಡಬೇಕೆಂದಿತ್ತು. ಒಂಬತ್ತನೇ ಕ್ಲಾಸಿನ ಕೊನೆಗೆ ಎಚ್ಚೆತ್ತುಕೊಂಡು ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹೆಚ್ಚುವರಿ ಸಮಯಕ್ಕಾಗಿ ಓಡಾಡುವುದು ಪ್ರತಿವರ್ಷದ ಪಾಡು. ಮೂರನೇ ಕ್ಲಾಸಿನಲ್ಲೇ ಕಳಿಸಿ.

ಮಗಳು ಅಮೆರಿಕದಲ್ಲಿ ಸ್ಕೂಲ್ ಕೌನ್ಸೆಲಿಂಗ್ ಮಾಸ್ಟರ್ಸ್ ಮಾಡಬೇಕೆನ್ನುತ್ತಾಳೆ. ಇಲ್ಲಿಯ ಎಂ.ಎಸ್ಸಿ ಅಲ್ಲಿ ನಡೆಯುತ್ತದೆಯೇ? ಓದಿ ಬಂದರೆ ಇಲ್ಲಿ ಕೆಲಸ ಇದೆಯೇ?
— ಪೋಷಕರು, ಬನಶಂಕರಿ

ಅಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ. ಇಲ್ಲಿಯ ಪದವಿ ತೋರಿಸಿ ನೇರವಾಗಿ ಕೆಲಸಕ್ಕೆ ಸೇರಲಾಗದು. ಯಾವ ರಾಜ್ಯದಲ್ಲಿ ಇರಬೇಕೆಂದು ಮೊದಲು ತೀರ್ಮಾನಿಸಿ, ಅದರ ನಿಯಮ ನೋಡಿ ವಿಶ್ವವಿದ್ಯಾಲಯ ಆರಿಸಿ. ಈ ಕ್ರಮ ತಲೆಕೆಳಗಾದರೆ ಲಕ್ಷಗಟ್ಟಲೆ ಹಣ ಹೋಗುತ್ತದೆ. ಅಲ್ಲಿ ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಸಿಎಸಿಆರ್‌ಇಪಿ. ಅದರ ಮಾನ್ಯತೆಯ ಕೋರ್ಸುಗಳಲ್ಲಿ 60 ಕ್ರೆಡಿಟ್ ಓದು, 100 ಗಂಟೆ ಪ್ರ್ಯಾಕ್ಟಿಕಮ್ (40 ಗಂಟೆ ನೇರ ಸಮಾಲೋಚನೆ), ಆಮೇಲೆ 600 ಗಂಟೆ ಇಂಟರ್ನ್‌ಶಿಪ್ (240 ಗಂಟೆ ನೇರ). ಮಗಳು ಇಲ್ಲೇ ಓದಿದರೂ ಈ ಅಂಕಿಗಳನ್ನು ಕಾಲೇಜಿನ ಲಾಗ್‌ಬುಕ್ಕಿನ ಪಕ್ಕ ಇಟ್ಟು ನೋಡಲಿ.

ಇಲ್ಲಿ ಕೆಲಸದ ಬೇಡಿಕೆ ಕಾನೂನಿನಿಂದಲೇ ಬಂದಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಧ್ಯಂತರ ಮಾರ್ಗಸೂಚಿಯಂತೆ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಅರ್ಹ ಆಪ್ತಸಮಾಲೋಚಕರನ್ನೋ ಮನೋವಿಜ್ಞಾನಿಯನ್ನೋ ಸಾಮಾಜಿಕ ಕಾರ್ಯಕರ್ತರನ್ನೋ ಹೊಂದಿರಬೇಕು. ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರೊಂದಿಗೆ ನಂಟು ಇಟ್ಟುಕೊಳ್ಳಬೇಕು. ಸಿಬಿಎಸ್‌ಇಯ ಮಾನ್ಯತೆ ನಿಯಮಗಳೂ ಕೌನ್ಸೆಲರ್ ಬೇಕೆನ್ನುತ್ತವೆ. ಹುದ್ದೆಯಿದೆ ಎಂದ ಮಾತ್ರಕ್ಕೆ ಸಮಯವಿದೆ ಎಂದಲ್ಲ: ಸಂದರ್ಶನದಲ್ಲಿ ‘ಬಾರದ ಶಿಕ್ಷಕರ ಬದಲಿಗೆ ವಾರಕ್ಕೆ ಎಷ್ಟು ಪಿರಿಯಡ್ ಸಬ್‌ಸ್ಟಿಟ್ಯೂಷನ್ ಹಾಕುತ್ತೀರಿ?’ ಎಂದು ಕೇಳಿ, ಉತ್ತರವನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಲಿ.