ಕೋಶ ಚಿಕಿತ್ಸೆ ಬರುವವರೆಗೆ ಕೂದಲಿನ ಔಷಧಿ ಬಿಟ್ಟು ಕಾಯಬಹುದಾ?

ನಿಮ್ಮ ವಯಸ್ಸು 26, ನೆತ್ತಿಯಲ್ಲಿ ಕೂದಲು ತೆಳುವಾಗುತ್ತಿದೆ, ಡಾಕ್ಟರ್ ಔಷಧಿ ಬರೆದುಕೊಟ್ಟಿದ್ದಾರೆ ಎಂದಿದ್ದೀರಿ. ಲ್ಯಾಬ್‌ನಲ್ಲಿ ಕೂದಲಿನ ಕೋಶ ಬೆಳೆಸಿ ತಲೆಗೆ ಹಾಕುವ ಚಿಕಿತ್ಸೆ ಇನ್ನೇನು ಬಂದೇಬಿಡುತ್ತದೆ, ಅಲ್ಲಿಯವರೆಗೆ ಸುಮ್ನೆ ಇರಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ದಯವಿಟ್ಟು ಕಾಯಬೇಡಿ. ಚರ್ಮದ ಕೋಶ ಬೆಳೆಸುವ ಲ್ಯಾಬ್‌ನಲ್ಲಿ ನಾನು ಕೆಲಸ ಮಾಡಿದ್ದೇನೆ. ಈ ಸಂಶೋಧನೆಯ ಮೇಲೆ ನನಗೆ ನಿಜವಾಗಿಯೂ ಭರವಸೆ ಇದೆ. ಆ ಭರವಸೆ ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಪ್ರತಿ ಕೂದಲಿನ ಬುಡದಲ್ಲೂ ಡರ್ಮಲ್ ಪ್ಯಾಪಿಲ್ಲಾ ಎಂಬ ಪುಟ್ಟ ಕೋಶಗಳ ಗುಂಪು ಇರುತ್ತದೆ. ಸುತ್ತಲಿನ ಕೋಶಗಳಿಗೆ 'ಕೂದಲು ಕಟ್ಟಿ' ಎಂದು ಸೂಚನೆ ಕೊಡೋದು ಅದೇ. ಗಂಡಸರಲ್ಲಿ ಸಾಮಾನ್ಯವಾಗಿ ಕಾಣುವ ಬೋಳುತನದಲ್ಲಿ ಡಿಎಚ್‌ಟಿ ಎಂಬ ಹಾರ್ಮೋನಿನಿಂದ ಈ ಬುಡ ಕುಗ್ಗುತ್ತಾ ಹೋಗುತ್ತದೆ. ಕೂದಲು ಒಮ್ಮೆಲೇ ಮಾಯವಾಗುವುದಿಲ್ಲ. ಪ್ರತಿ ಸಲ ಉದುರಿ ಹುಟ್ಟುವಾಗ ಮೊದಲಿಗಿಂತ ಸಣ್ಣದಾಗಿ, ಗಿಡ್ಡವಾಗಿ ಬರುತ್ತದೆ. ಬೋಳಾದ ಜಾಗದಲ್ಲೂ ಕೂದಲಿನ ಸ್ಟೆಮ್ ಸೆಲ್‌ಗಳು (ಬೇರೆ ಕೋಶಗಳನ್ನು ಹುಟ್ಟಿಸಬಲ್ಲ ಮೂಲ ಕೋಶಗಳು) ಉಳಿದಿರುತ್ತವೆ, ಅವುಗಳಿಂದ ಹುಟ್ಟಬೇಕಾದ ಮುಂದಿನ ಹಂತದ ಕೋಶಗಳು ಮಾತ್ರ ಕಡಿಮೆ ಎಂದು ಜಾರ್ಜ್ ಕೊಟ್ಸಾರೆಲಿಸ್ ಅವರ ತಂಡ 2011ರಲ್ಲಿ ತೋರಿಸಿತು. ಹಾಗಾಗಿ ಸರಿಯಾದ ಸೂಚನೆ ಸಿಕ್ಕರೆ ಮತ್ತೆ ಕೂದಲು ಬರಬಹುದು ಅನ್ನೋ ಆಸೆಗೆ ಆಧಾರ ಇದೆ.

ಹೇರ್ ಟ್ರಾನ್ಸ್‌ಪ್ಲಾಂಟ್‌ನಲ್ಲಿ ಹಿಂದಲೆಯ ಕೂದಲು ಮುಂದಕ್ಕೆ ಬರುತ್ತದೆ ಅಷ್ಟೆ, ಒಟ್ಟು ಸಂಖ್ಯೆ ಹೆಚ್ಚುವುದಿಲ್ಲ. ಸ್ವಲ್ಪ ಕೋಶ ತೆಗೆದು, ಲಕ್ಷಗಟ್ಟಲೆ ಮಾಡಿ, ವಾಪಸ್ ಚುಚ್ಚಿದರೆ ಆ ಮಿತಿಯೇ ಇರುವುದಿಲ್ಲ ಅಲ್ವಾ? ಇದು ಹಳೆಯ ಯೋಚನೆ. 1984ರಲ್ಲೇ ಕಾಲಿನ್ ಜಹೋಡಾ ಮತ್ತು ಸಂಗಡಿಗರು ಲ್ಯಾಬ್‌ನಲ್ಲಿ ಬೆಳೆಸಿದ ಇಲಿಯ ಪ್ಯಾಪಿಲ್ಲಾ ಕೋಶಗಳಿಂದ ಮೀಸೆ ಕೂದಲು ಮತ್ತೆ ಬರುವಂತೆ ಮಾಡಿದರು. 1999ರಲ್ಲಿ ಜಹೋಡಾ ತಮ್ಮ ನೆತ್ತಿಯ ಕೂದಲಿನ ಬುಡದ ಪೊರೆಯನ್ನು ಸಹೋದ್ಯೋಗಿ ಅಮಾಂಡಾ ರೆನಾಲ್ಡ್ಸ್ ಅವರ ಮುಂಗೈಗೆ ಕಸಿ ಮಾಡಿದರು. ಅಲ್ಲಿ ಕೂದಲು ಬಂತು! ಆದರೆ ಒಂದು ವಿಷಯ ಗಮನಿಸಿ. ಅದು ಆಗತಾನೇ ಬಿಡಿಸಿ ತೆಗೆದ ಪೊರೆ, ಲ್ಯಾಬ್‌ನಲ್ಲಿ ಬೆಳೆಸಿ ಹೆಚ್ಚಿಸಿದ್ದಲ್ಲ.

ಎಲ್ಲ ಕಷ್ಟ ಇರೋದು ಈ ಬೆಳೆಸುವ ಕೆಲಸದಲ್ಲೇ. ಮನುಷ್ಯರ ಪ್ಯಾಪಿಲ್ಲಾ ಕೋಶಗಳು ತಟ್ಟೆಯಲ್ಲಿ ಚೆನ್ನಾಗಿಯೇ ಬೆಳೆಯುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆರೋಗ್ಯವಾಗಿಯೇ ಕಾಣುತ್ತವೆ. ಆದರೆ ಚಪ್ಪಟೆಯಾಗಿ ಹರಡಿಕೊಂಡು ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಕೂದಲು ಹುಟ್ಟಿಸುವ ಶಕ್ತಿ ಕಳೆದುಕೊಳ್ಳುತ್ತವೆ. ಊರು ಬಿಟ್ಟವರು ನಿಧಾನವಾಗಿ ಊರಿನ ಮಾತು ಮರೆಯುತ್ತಾರಲ್ಲ, ಹಾಗೆ. 2013ರಲ್ಲಿ ಜಹೋಡಾ ಮತ್ತು ಏಂಜೆಲಾ ಕ್ರಿಸ್ಟಿಯಾನೊ ಅವರ ತಂಡ ತಟ್ಟೆಯನ್ನು ಮಗುಚಿ, ನೇತಾಡುವ ಹನಿಗಳೊಳಗೆ ಕೋಶಗಳನ್ನು ಬೆಳೆಸಿತು. ಅವು ಒಟ್ಟುಗೂಡಿ ಉಂಡೆಯಾದವು. ಇಲಿಯ ಮೇಲೆ ಕಸಿ ಮಾಡಿದ್ದ ಮನುಷ್ಯರ ಚರ್ಮದೊಳಗೆ ಈ ಉಂಡೆಗಳನ್ನು ಇಟ್ಟಾಗ, 7 ದಾನಿಗಳ ಪೈಕಿ 5 ಜನರ ಕೋಶಗಳಿಂದ ಹೊಸ ಕೂದಲು ಹುಟ್ಟಿತು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇದು ದೊಡ್ಡ ಹೆಜ್ಜೆ. ಆದರೂ ಕಳೆದುಹೋದ ಜೀನ್ ಚಟುವಟಿಕೆಯಲ್ಲಿ ಒಂದು ಭಾಗ ಮಾತ್ರ ಮರಳಿತ್ತು. ಅದೇ ವರ್ಷ, ಹಲವು ವರ್ಷ ಇಂಥ ಕೋಶ ಚಿಕಿತ್ಸೆಯನ್ನು ಮನುಷ್ಯರ ಮೇಲೆ ಪ್ರಯೋಗಿಸಿದ್ದ ಅಡೆರಾನ್ಸ್ ಸಂಶೋಧನಾ ಸಂಸ್ಥೆ ಬಾಗಿಲು ಹಾಕಿತು.

ನಿಮಗೆ ಮುಖ್ಯವಾದ ಫಲಿತಾಂಶ ಜಪಾನಿನದು. ಅಲ್ಲಿ ಜನರ ಹಿಂದಲೆಯಿಂದ ಕೂದಲಿನ ಬುಡದ ಪೊರೆಯ ಕೋಶ ತೆಗೆದು, ಬೆಳೆಸಿ, ಅವರದೇ ನೆತ್ತಿಗೆ ಚುಚ್ಚಿದರು. 65 ಜನ ಇದ್ದ ಈ ಪ್ರಯೋಗದ ವರದಿ 2020ರಲ್ಲಿ ಬಂತು. ಕೋಶ ಇಲ್ಲದ ದ್ರವ ಚುಚ್ಚಿದ ಜಾಗಕ್ಕೆ ಹೋಲಿಸಿದರೆ 6 ಮತ್ತು 9 ತಿಂಗಳಿಗೆ ಕೂದಲಿನ ದಟ್ಟಣೆ ಹೆಚ್ಚಾಗಿತ್ತು. ಒಳ್ಳೆಯ ಸುದ್ದಿಯೇ. ಆದರೆ ಹೆಚ್ಚಳ ಸಾಧಾರಣವಾದದ್ದು. ಇಂಥ ಚಿಕಿತ್ಸೆಯ ಗುರಿಯೂ ಸೊರಗಿದ ಬುಡಕ್ಕೆ ಬಲ ಕೊಡುವುದು, ನುಣ್ಣಗಾದ ತಲೆಯಲ್ಲಿ ಹೊಸ ಬುಡ ಕಟ್ಟುವುದಲ್ಲ. ಈಗ ಸುಮ್ನೆ ಕೂತು ಬುಡಗಳನ್ನು ಕಳೆದುಕೊಂಡರೆ, ನಾಳೆ ಆ ಚಿಕಿತ್ಸೆ ಬಂದರೂ ನಿಮಗೆ ಸಿಗುವ ಲಾಭ ಕಡಿಮೆ. ಔಷಧಿ ಬೇಡ ಎನ್ನುವ ನಿಮ್ಮ ಲೆಕ್ಕ ತಪ್ಪುವುದು ಇಲ್ಲೇ.

ಹೊಸ ಬುಡವನ್ನೇ ಕಟ್ಟುವ ಕೆಲಸವೂ ನಡೆದಿದೆ. 2020ರಲ್ಲಿ ಕಾರ್ಲ್ ಕೋಲರ್ ಅವರ ತಂಡ ಮನುಷ್ಯರ ಸ್ಟೆಮ್ ಸೆಲ್‌ನಿಂದ ಕೂದಲಿರುವ ಚರ್ಮದ ತುಣುಕು ಬೆಳೆಸಿತು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ತಲೆಗೆ ತರಬೇಕಾದರೆ ಕೂದಲು ಸರಿಯಾದ ಕೋನದಲ್ಲಿ ಏಳಬೇಕು, ಉದುರಿ ಮತ್ತೆ ಹುಟ್ಟಬೇಕು. ಜೊತೆಗೆ, ಪೂರ್ತಿ ಬದಲಾಗದೆ ಉಳಿದ ಸ್ಟೆಮ್ ಸೆಲ್ ಗಡ್ಡೆಯಾಗಿ ಬೆಳೆಯಬಾರದು. ಈ ಕೊನೆಯದನ್ನು ಖಚಿತಪಡಿಸಿಕೊಳ್ಳಲು ಆತುರ ಪಡುವಂತಿಲ್ಲ.

ಔಷಧಿಗಳ ವಿಚಾರಕ್ಕೆ ಬಂದರೆ, ತಲೆಗೆ ಹಚ್ಚುವ ಮಿನಾಕ್ಸಿಡಿಲ್‌ಗೆ 1988ರಲ್ಲಿ, ಫಿನಾಸ್ಟರೈಡ್ ಮಾತ್ರೆಗೆ 1997ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿದೆ. ಮಿನಾಕ್ಸಿಡಿಲ್ ಹಚ್ಚಿದ ಮೊದಲ ಕೆಲವು ವಾರ ಕೂದಲು ಜಾಸ್ತಿ ಉದುರಬಹುದು, ಹೆದರಿ ಬಿಡಬೇಡಿ. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ತೊಂದರೆ ಆಗುತ್ತದೆ, ಆ ಬಗ್ಗೆ ಡಾಕ್ಟರ್ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡಿ. ಫಲ ಕಾಣಲು ಆರು ತಿಂಗಳಾದರೂ ಬೇಕು.

ಕ್ಲಿನಿಕ್‌ಗಳಲ್ಲಿ 'ಸ್ಟೆಮ್ ಸೆಲ್', 'ಎಕ್ಸೋಸೋಮ್' (ಕೋಶಗಳು ಹೊರಬಿಡುವ ಅತಿ ಸಣ್ಣ ಚೀಲಗಳು) ಎಂದು ಮಾರುವ ಇಂಜೆಕ್ಷನ್‌ಗಳನ್ನು ಮೇಲಿನ ಸಂಶೋಧನೆಯ ಜೊತೆ ಸೇರಿಸಬೇಡಿ. ಎಕ್ಸೋಸೋಮ್ ಉತ್ಪನ್ನ ಯಾವುದಕ್ಕೂ ತನ್ನ ಒಪ್ಪಿಗೆ ಇಲ್ಲ ಎಂದು ಎಫ್‌ಡಿಎ 2019ರಲ್ಲೇ ಎಚ್ಚರಿಸಿತ್ತು. ಪಿಆರ್‌ಪಿ ಬೇರೆಯೇ ವಿಷಯ. ಅದು ನಿಮ್ಮದೇ ರಕ್ತದ ಪ್ಲೇಟ್‌ಲೆಟ್, ಅಲ್ಲಿ ಯಾವ ಕೋಶವನ್ನೂ ಬೆಳೆಸುವುದಿಲ್ಲ.

ನಿಜವಾದ ಪ್ರಯೋಗಕ್ಕೆ ಸೇರುವ ಮನಸ್ಸಿದ್ದರೆ ಸರ್ಕಾರಿ ಟ್ರಯಲ್ ನೋಂದಣಿಯಲ್ಲಿ ಅದರ ಸಂಖ್ಯೆ ಹುಡುಕಿ, ಒಪ್ಪಿಗೆ ಪತ್ರ ಪೂರ್ತಿ ಓದಿ. ಚುಚ್ಚುವುದಕ್ಕೇ ದೊಡ್ಡ ಮೊತ್ತ ಕೇಳಿದರೆ ಎದ್ದು ಬನ್ನಿ. ಸೇರುವ ಮುಂಚೆ ಕೆಲವು ತಿಂಗಳು ಔಷಧಿ ನಿಲ್ಲಿಸಿರಬೇಕು ಎಂದು ಕೆಲವು ಪ್ರಯೋಗಗಳಲ್ಲಿ ನಿಯಮ ಇರುತ್ತದೆ. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ.