ಕತ್ತರಿ ಹಿಡಿದ ಆ ಬೆಳಿಗ್ಗೆಯನ್ನು ಬರೆಯಿರಿ

ನಮಸ್ಕಾರ.

ತಿಕೋಟಾದಿಂದ ನೀವು ಕಳುಹಿಸಿದ ‘ಸೋಲಿಗೆ ಹೆದರದಿರಿ’ ಲೇಖನ ತಲುಪಿದೆ. ಒಂಬತ್ತು ಪುಟಗಳನ್ನೂ ಎರಡು ಸಲ ಓದಿದೆ. ಈಗಿರುವಂತೆ ಇದನ್ನು ಪ್ರಕಟಿಸಲಾರೆ. ಹಾಗೆಂದು ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಿಮ್ಮ ಆರನೆಯ ಪುಟ.

ಮೊದಲ ಐದು ಪುಟಗಳಲ್ಲಿರುವುದು ಎಡಿಸನ್ನನ ಬಲ್ಬು, ಜೇಡನ ಬಲೆ, ‘ಸೋಲೇ ಗೆಲುವಿನ ಸೋಪಾನ’. ಇವನ್ನೆಲ್ಲ ನಮ್ಮ ಓದುಗರು ಶಾಲೆಯ ಗೋಡೆಯ ಮೇಲೆಯೇ ಓದಿ ಮುಗಿಸಿದ್ದಾರೆ. ಸುಳ್ಳು ಎನ್ನುತ್ತಿಲ್ಲ, ಆದರೆ ಇವುಗಳಲ್ಲಿ ನೀವೆಲ್ಲೂ ಇಲ್ಲ. ಆರನೆಯ ಪುಟದಲ್ಲಿ ನಾಲ್ಕೇ ಸಾಲು ಬರುತ್ತವೆ. ಮಾರ್ಚ್ ತಿಂಗಳ ಒಂದು ರಾತ್ರಿ ಗಾಳಿ, ಮಳೆ ಬಂದು ಶೆಡ್ಡಿನಲ್ಲಿ ಒಣಗಲು ಹಾಕಿದ್ದ ದ್ರಾಕ್ಷಿಯೆಲ್ಲ ತೊಯ್ದುಹೋಯಿತು. ನಿಮ್ಮ ತಂದೆ ಎಂಟು ದಿನ ಯಾರೊಂದಿಗೂ ಮಾತನಾಡಲಿಲ್ಲ. ‘ಆದರೂ ಅವರು ಎದೆಗುಂದಲಿಲ್ಲ.’ ಏಪ್ರಿಲ್‌ನಲ್ಲಿ ಕತ್ತರಿ ಹಿಡಿದು ತೋಟಕ್ಕೆ ಹೋದರು. ಅಷ್ಟೇ. ಏಳನೆಯ ಪುಟಕ್ಕೆ ಎಡಿಸನ್ ಮರಳಿ ಬರುತ್ತಾನೆ.

ಮೂರನೆಯ ಸಾಲನ್ನು ಹೊಡೆದುಹಾಕಿ. ಅವರು ಎದೆಗುಂದಿದ್ದರು. ಎಂಟು ದಿನದ ಮೌನಕ್ಕೆ ಬೇರೆ ಹೆಸರಿಲ್ಲ. ಹಾಗೆ ಬರೆದರೆ ತಂದೆಯ ಮರ್ಯಾದೆಗೆ ಕುಂದು ಎಂಬ ಅಂಜಿಕೆ ಬೇಡ. ಅದೇ ರಾತ್ರಿ ಶೆಡ್ಡು ತೊಯ್ದ ಇನ್ನೊಬ್ಬ ರೈತ ನಿಮ್ಮ ಲೇಖನ ಓದುತ್ತಿದ್ದಾನೆ ಎಂದುಕೊಳ್ಳಿ. ‘ಎದೆಗುಂದಲಿಲ್ಲ’ ಎಂದು ಕಂಡ ಕೂಡಲೇ, ಇದು ನನ್ನಂಥವನ ಮಾತಲ್ಲ ಎಂದು ಪುಟ ಮಗುಚುತ್ತಾನೆ. ಅವನು ಪುಟ ಮಗುಚಬಾರದು. ಅವನಿಗಾಗಿಯೇ ತಾನೇ ನೀವು ಬರೆಯಲು ಕುಳಿತದ್ದು? ಬಲೆಯ ಮೇಲೆ ಹರಡಿದ್ದ ಹಣ್ಣು ಕಪ್ಪಾಗುತ್ತ ಹೋದದ್ದು, ಬೂಷ್ಟು, ಹುಳಿ ವಾಸನೆ, ಕೊಳ್ಳಲು ಬಂದವರು ಒಂದು ಹಿಡಿ ಎತ್ತಿ ಮೂಸಿ ನೋಡಿ ಹೇಳಿದ ದರ, ತಾಟಿನಲ್ಲಿ ಮುರಿದಿಟ್ಟ ರೊಟ್ಟಿ ಹಾಗೆಯೇ ಉಳಿದದ್ದು: ನೀವು ಕಣ್ಣಾರೆ ಕಂಡದ್ದನ್ನೆಲ್ಲ ಬರೆಯಿರಿ.

ಇನ್ನು ಆ ಕತ್ತರಿ. ನಿಮಗೆ ಮನೆಯ ಮಾತಾದ್ದರಿಂದ ವಿವರಿಸಿಲ್ಲ. ಏಪ್ರಿಲ್ ಚಾಟ್ನಿ ಎಂದರೇನು ಎಂದು ಬೆಂಗಳೂರಿನ ಓದುಗರಿಗೆ ಗೊತ್ತಿರುವುದಿಲ್ಲ. ಫಲ ಕೊಟ್ಟ ಕಡ್ಡಿಗಳನ್ನೆಲ್ಲ ಕತ್ತರಿಸಿ ಬಳ್ಳಿಯನ್ನು ಬೋಳು ಮಾಡುತ್ತಾರೆ. ಆ ಉರಿ ಬಿಸಿಲಿನಲ್ಲಿ ಹೊಸ ಕಡ್ಡಿ ಒಡೆಯುತ್ತದೆ. ಮುಂದಿನ ಬೆಳೆಯ ಗೊನೆ ಆ ಕಡ್ಡಿಯ ಕಣ್ಣಿನೊಳಗೆ, ಎಂದರೆ ಚಿಗುರೊಡೆಯುವ ಮೊಗ್ಗಿನೊಳಗೆ, ಕಟ್ಟುತ್ತದೆ, ಹೊರಗೆ ಕಾಣುವುದಿಲ್ಲ. ಅಕ್ಟೋಬರ್ ಸುಮಾರಿಗೆ ಇನ್ನೊಂದು ಚಾಟ್ನಿ ಮಾಡಿದ ಮೇಲೆಯೇ ಗೊನೆ ತೋರುವುದು. ಹಣ್ಣು ಕೈಗೆ ಬಂದು, ಒಣಗಿ, ಮಾರಾಟವಾಗಿ ಹಣ ಕಾಣುವಷ್ಟರಲ್ಲಿ ಮತ್ತೆ ಮಾರ್ಚ್, ಮತ್ತೆ ಮೋಡ. ಇದೆಲ್ಲ ಗೊತ್ತಿದ್ದೂ, ಕೈಯಲ್ಲಿ ಕಾಸಿಲ್ಲದೆ, ಒಬ್ಬ ಮನುಷ್ಯ ಮೊದಲ ಕಡ್ಡಿಗೆ ಕತ್ತರಿ ಹಾಕಿದ. ನಿಮ್ಮ ಲೇಖನದಲ್ಲಿ ‘ಆಶಾವಾದ’ ಎಂಬ ಶಬ್ದ ಮೂವತ್ತೊಂದು ಸಲ ಬಂದಿದೆ, ಎಣಿಸಿದ್ದೇನೆ. ಈ ಕತ್ತರಿಯ ಪಕ್ಕದಲ್ಲಿ ಮಾತ್ರ ಅದು ಒಂದು ಸಲವೂ ಇಲ್ಲ. ಅಲ್ಲಿ ಅದರ ಅಗತ್ಯವೂ ಇಲ್ಲ.

ನಮ್ಮ ಮನೆ ಹಳೆಯ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಓಣಿಗೆ ಬರುವ ಮುಂಚೆ ನವನಗರಕ್ಕೆ ಹೊರಟಾಗ ಅವ್ವ ತಲಬಾಗಿಲಿನ ಚೌಕಟ್ಟನ್ನು ಕೀಳಿಸಿ ಹೇರಿಸಿದಳು. ಹೊಸ ಮನೆಗೆ ಅದು ಹೊಂದಲಿಲ್ಲ. ಎರಡು ತಿಂಗಳು ಗೋಡೆಗೆ ಒರಗಿಸಿಟ್ಟು, ಅತ್ತು, ಕೊನೆಗೆ ಹಿತ್ತಲಲ್ಲಿ ನೆಟ್ಟು ಹೀರೆಬಳ್ಳಿ ಹಬ್ಬಿಸಿದಳು. ಭರವಸೆಯ ಬಗ್ಗೆ ಒಂದು ಮಾತನ್ನೂ ಅವಳು ಆಡಿದ್ದು ನನಗೆ ನೆನಪಿಲ್ಲ. ನಿಮ್ಮ ಆರನೆಯ ಪುಟ ಓದುವಾಗ ಆ ಚೌಕಟ್ಟು ಕಣ್ಣ ಮುಂದೆ ಬಂತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೂರು ಪುಟ ಸಾಕು. ಮರುವರ್ಷ ಬೆಳೆ ಚೆನ್ನಾಗಿ ಬಂತೋ ಇಲ್ಲವೋ ಎಂಬುದನ್ನು ಬೇಕಿದ್ದರೆ ಬಿಟ್ಟುಬಿಡಿ. ಬಂದಿರದಿದ್ದರೂ ಲೇಖನ ನಿಲ್ಲುತ್ತದೆ. ಒಂದನ್ನು ಮಾತ್ರ ಮನೆಯಲ್ಲಿ ಕೇಳಿ ತಿಳಿದುಕೊಳ್ಳಿ: ಎಂಟು ದಿನ ಮಾತು ಬಿಟ್ಟವರು ಕತ್ತರಿ ತೆಗೆದುಕೊಂಡು ಹೊಸ್ತಿಲು ದಾಟಿದಾಗ ನಿಮ್ಮ ಅವ್ವ ಎಲ್ಲಿದ್ದರು, ಏನಾದರೂ ಅಂದರೇ?